ಸಹಾಯ ಬೇಕು: ಕೂದಲು ಬೆಳೆಯುತ್ತಿದೆ, ಉದ್ದವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದವಳು. ಎರಡು ವರ್ಷದಿಂದ ಕೂದಲಿಗೆ ಕತ್ತರಿ ತಾಗಿಸಿಲ್ಲ. ತಿಂಗಳಿಗೆ ಸುಮಾರು 1 ಸೆಂ.ಮೀ. ಲೆಕ್ಕ ಹಿಡಿದರೂ ಹೆಗಲಿನಿಂದ ಬೆನ್ನಿನ ನಡುವಿಗಾದರೂ ಇಳಿಯಬೇಕಿತ್ತು. ಇಳಿದಿಲ್ಲ. ಬಾಚಣಿಗೆಯಲ್ಲಿ ಸಿಗುವುದು ಬುಡಸಮೇತ ಉದುರಿದ ಕೂದಲಲ್ಲ, ತುದಿಯಿಂದ ಮುರಿದ ಗಿಡ್ಡ ಚೂರುಗಳು.

ನನ್ನ ಅನುಮಾನ ಬೋರ್‌ವೆಲ್‌ನ ಗಡಸು ನೀರಿನ ಮೇಲೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ನಲ್ಲಿ ನೀರು ಬಂದ ದಿನ ತಲೆ ತೊಳೆದರೆ ಅದೇ ಕೂದಲು ನುಣುಪು. ಸಲ್ಫೇಟ್ ಇಲ್ಲದ ಶಾಂಪೂ, ಸೀರಮ್, ಈರುಳ್ಳಿ ಎಣ್ಣೆ ಎಲ್ಲ ಆಯಿತು. (ಆ ಎಣ್ಣೆ ಹಚ್ಚಿದ ವಾರವಿಡೀ ದಿಂಬಿಗೆ ಒಗ್ಗರಣೆಯ ಘಮ!) ಅಜ್ಜಿ ಸೀಗೆಪುಡಿಗೆ ದಾಸವಾಳದ ಎಲೆ ಅರೆದು ಕೊಡುತ್ತಾರೆ. ಜಿಡ್ಡು ಹೋಗುತ್ತದೆ ನಿಜ, ಆದರೆ ಪುಡಿ ನೆತ್ತಿಯಲ್ಲೇ ಕೂತು ಮೂರು ದಿನ ಉದುರುತ್ತದೆ. ಸೋಸಿ ಬಳಸಬೇಕೇ?

ಗಡಸು ನೀರಿನಿಂದ ಕೂದಲಿಗೆ ಅಂಟುವ ಕ್ಯಾಲ್ಸಿಯಂ ಪದರ ತೆಗೆಯುವ ಇಡಿಟಿಎ ಎಂಬ ರಾಸಾಯನಿಕ ಇರುವ ಶಾಂಪೂವನ್ನು ನಮ್ಮ ಕಡೆಯ ಬೋರ್ ನೀರಿನಲ್ಲಿ ಬಳಸಿದವರಿದ್ದೀರಾ? ಎಷ್ಟು ದಿನಕ್ಕೊಮ್ಮೆ? ಸೀಳಿದ ತುದಿ ಯಾವ ಎಣ್ಣೆಗೂ ಮತ್ತೆ ಕೂಡುವುದಿಲ್ಲವೆಂದು ಗೊತ್ತು, ಆದರೂ ಎರಡಂಗುಲ ಕತ್ತರಿಸಲು ಮನಸ್ಸು ಬರುತ್ತಿಲ್ಲ. ಕತ್ತರಿಸಿದ ಮೇಲೆ ನಿಜವಾಗಿ ಉದ್ದ ಬಂದವರು ದಯವಿಟ್ಟು ಹೇಳಿ. ಎಣ್ಣೆ ಮಾರುವವರು ಇನ್‌ಬಾಕ್ಸ್‌ಗೆ ಬರುವುದು ಬೇಡ.