ಫ್ರೆಂಚ್ ಟ್ಯೂಟರ್ ಬದಲಿಸಬೇಕಾ? ಆರು ತಿಂಗಳಾದರೂ ಮಾತಾಡೋಕೆ ಬರುತ್ತಿಲ್ಲ

ಕಾಫಿಪುಡಿ:
ವಾರಕ್ಕೆ ಎರಡು ಗಂಟೆ ಆನ್‌ಲೈನ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ. ಕೆನಡಾ ಪಿಆರ್‌ಗೆ (ಕಾಯಂ ವಾಸಕ್ಕೆ) ಟೆಫ್ ಅನ್ನೋ ಫ್ರೆಂಚ್ ಪರೀಕ್ಷೆ ಬರೆಯಬೇಕು, ಓದು, ಬರಹ, ಕೇಳುವುದು, ಮಾತು ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ 7 (ಕೆನಡಾದ ಫ್ರೆಂಚ್ ಮಟ್ಟದ ಅಳತೆ) ಬೇಕು. ಮೇಡಂ ಒಳ್ಳೆಯವರೇ, ಆದರೆ ಮುಕ್ಕಾಲು ಗಂಟೆ ಕ್ರಿಯಾಪದದ ಪಟ್ಟಿ ತೋರಿಸಿ ಇಂಗ್ಲಿಷಿನಲ್ಲಿ ವಿವರಿಸುತ್ತಾರೆ, ನಾನು ಸುಮ್ನೆ ಬರೆದುಕೊಳ್ಳುತ್ತೇನೆ. ಎರಡು ನೋಟ್‌ಬುಕ್ ತುಂಬಿದೆ. ಮೊನ್ನೆ ಆಡಿಯೋ ಹಾಕಿದರೆ ಇಡೀ ವಾಕ್ಯ ಒಂದೇ ಪದದ ಹಾಗೆ ಕೇಳಿಸಿತು. ತಪ್ಪು ಅವರದಾ, ನನ್ನದಾ?

ಚಳಿಯೂರು:
ಬದಲಿಸುವ ಮೊದಲು ಬಾಯಿಬಿಟ್ಟು ಹೇಳಿ. ಪಟ್ಟಿ ನಾನೇ ಓದಿಕೊಂಡು ಬರುತ್ತೇನೆ, ಕ್ಲಾಸಿನಲ್ಲಿ ನನ್ನನ್ನು ಮಾತಾಡಿಸಿ ಅಂತ. ಟೆಫ್ ಓರಲ್ ಇರೋದೇ 15 ನಿಮಿಷ. ಮೊದಲ 5 ನಿಮಿಷ ಒಂದು ಜಾಹೀರಾತು ಕೊಡುತ್ತಾರೆ, ಫೋನ್ ಮಾಡಿದ ಹಾಗೆ ವಿವರ ವಿಚಾರಿಸಬೇಕು. ಆಮೇಲೆ 10 ನಿಮಿಷ ಸ್ನೇಹಿತನನ್ನು (ಪರೀಕ್ಷಕರದೇ ಆ ಪಾತ್ರ) ಯಾವುದಕ್ಕೋ ಒಪ್ಪಿಸಬೇಕು, ಅವನು ಬೇಡ ಬೇಡ ಅಂತಾನೇ ಇರುತ್ತಾನೆ. ಮೊದಲನೆಯದರಲ್ಲಿ 'ವೂ', ಎರಡನೆಯದರಲ್ಲಿ 'ತ್ಯೂ'. ನಮ್ಮ ನೀವು, ನೀನು ಇದ್ದ ಹಾಗೆ, ಕನ್ನಡದವರಿಗೆ ಇದೇನು ಕಷ್ಟ ಅಂದುಕೊಂಡಿದ್ದೆ. ಗಾಬರಿಯಲ್ಲಿ ಆ 'ಸ್ನೇಹಿತ'ನಿಗೂ ಕೊನೇವರೆಗೆ ವೂ ಅಂದುಬಿಟ್ಟೆ. ಇದನ್ನೆಲ್ಲ ಟ್ಯೂಟರ್ ಜೊತೆ ನಾಟಕ ಆಡಿದ ಹಾಗೆ ಆಡಬೇಕು.

ಪಿಯುಸಿ_ಫ್ರೆಂಚ್:
ಮಾರ್ಕ್ಸ್‌ಗೋಸ್ಕರ ಎರಡು ವರ್ಷ ಫ್ರೆಂಚ್ ಓದಿದವನು ನಾನು. ಉಳಿದಿರೋದು ಬೊನ್‌ಜೂರ್ ಮಾತ್ರ 😀

ಬಿ2_ಬಾಕಿ:
ಮೇಡಂ ಪರವಾಗಿ ಒಂದು ಮಾತು. ಆರು ತಿಂಗಳು ಅಂದರೆ ದೊಡ್ಡದಾಗಿ ಕಾಣುತ್ತೆ, ಆದರೆ ಗಂಟೆ ಲೆಕ್ಕ ಹಾಕಿ, 52 ಅಷ್ಟೇ. ಬಿ2 (ಯುರೋಪಿನ ಅಳತೆಯಲ್ಲಿ ನಿಮ್ಮ ಎನ್‌ಸಿಎಲ್‌ಸಿ 7ರ ಆಸುಪಾಸಿನ ಮಟ್ಟ) ಮುಟ್ಟೋಕೆ ಸಾಮಾನ್ಯವಾಗಿ 500ರಿಂದ 600 ಗಂಟೆ ಹೇಳುತ್ತಾರೆ. ಅಷ್ಟನ್ನೂ ದುಡ್ಡು ಕೊಟ್ಟು ಕೂರೋಕಾಗಲ್ಲ ಅಲ್ವಾ, ಜಾಸ್ತಿ ಪಾಲು ನೀವೇ ಮಾಡಬೇಕು.
ಕಿವಿಯ ವಿಷಯ ಬೇರೆ. 'ಲೆ' ಮತ್ತು 'ಆಮಿ' ಸೇರಿದರೆ 'ಲೆಜಾಮಿ' ಆಗುತ್ತೆ, ನಮ್ಮ ಸಂಧಿ ಇದ್ದ ಹಾಗೆ. ಬರೆಯುವಾಗ ಮಾತ್ರ ಬಿಡಿಬಿಡಿ. ಅದಕ್ಕೇ ನೋಟ್ಸ್ ಓದಿದವರಿಗೆ ಆಡಿಯೋ ಅರ್ಥವಾಗಲ್ಲ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋದಲ್ಲಿ ಸುಲಭ ಫ್ರೆಂಚಿನ 10 ನಿಮಿಷದ ವಾರ್ತೆ ಇದೆ, ಪಠ್ಯವೂ ಸಿಗುತ್ತೆ. ಮೊದಲು ಕೇಳಿ, ಆಮೇಲೆ ಓದಿ, ಮತ್ತೆ ಕೇಳಿ. ಫೋನ್ ನಂಬರ್ ಬರೆದುಕೊಳ್ಳುವುದನ್ನೂ ಅಭ್ಯಾಸ ಮಾಡಿ. 97ಕ್ಕೆ 'ನಾಲ್ಕು ಇಪ್ಪತ್ತು ಹದಿನೇಳು' (4×20+17) ಅನ್ನುವ ಜನ ಅವರು, ಲೆಕ್ಕ ಮುಗಿಸುವಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತೆ.

ಕಾಫಿಪುಡಿ:
52 ನೋಡಿ ಎದೆ ಧಸಕ್ಕೆಂದಿತು. ಮೇಡಂಗೆ ಹೇಳಿದೆ. "ನೀವು ಬರೆದುಕೊಳ್ಳುತ್ತಾ ಇದ್ದಿರಿ, ಅದೇ ಇಷ್ಟ ಅಂದುಕೊಂಡೆ" ಅಂದರು. ಗುರುವಾರ ಬಾಡಿಗೆ ಮನೆ ಜಾಹೀರಾತು, ಅವರು ಓನರ್ ಅಂತೆ.