ಪದಚರ್ಚೆ: ‘ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರೋಗಿಗಳಿಗೆ ಹಂಚುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಅಕ್ಯೂಟ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್’ ಬಂದಿದೆ. ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಪದ.

ಕೈಕಾಲಿನ ಸ್ನಾಯುಗಳು ಗುಂಪುಗುಂಪಾಗಿ ಗಟ್ಟಿ ಪೊರೆಯೊಳಗೆ ಇರುತ್ತವೆ. ಮಂಡಿಯ ಕೆಳಗೆ ಇಂಥ 4 ಗುಂಪು. ಪೊರೆ ಹಿಗ್ಗುವುದಿಲ್ಲ. ಒಳಗೆ ರಕ್ತ ಸೋರಿದರೆ ಅಥವಾ ಸ್ನಾಯು ಊದಿಕೊಂಡರೆ ಒತ್ತಡ ಏರಿ, ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಆಗ ಪೊರೆಯನ್ನು ಉದ್ದಕ್ಕೆ ಕೊಯ್ದು ಒತ್ತಡ ಇಳಿಸಬೇಕು.

ಕರಡಿನಲ್ಲಿ ಮೊದಲಿದ್ದದ್ದು ‘ಪೆಟ್ಟಿನ ಬಾವು’. ಕಾಲಿನ ಮೂಳೆ ಮುರಿದಾಗಲೇ ಇದು ಜಾಸ್ತಿ ಬರುವುದರಿಂದ ಹಾಗೆ ಹೊಳೆಯುವುದು ಸಹಜ. ಆದರೆ ಈ ಕರಪತ್ರ ಇರುವುದೇ ಪೆಟ್ಟು ಬೀಳದವರ ಬಗ್ಗೆ. ಕುಡಿದು ಮೈಮರೆತು ರಾತ್ರಿಯಿಡೀ ತನ್ನ ತೋಳಿನ ಮೇಲೇ ಮಲಗಿದವನು. ಅಭ್ಯಾಸವಿಲ್ಲದೆ ಜಿಮ್ಮಿಗೆ ಹೋಗಿ ಸಿಕ್ಕಾಪಟ್ಟೆ ಬಸ್ಕಿ ಹೊಡೆದವನು. ಡ್ರಿಪ್ಪಿನ ಸೂಜಿ ರಕ್ತನಾಳದಿಂದ ಜಾರಿ, ನೀರೆಲ್ಲ ಕೈಯೊಳಗೆ ತುಂಬಿಕೊಂಡ ಮಗು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ, ಹಿಮೋಫೀಲಿಯಾ (ಪತ್ರಿಕೆಗಳು ಕುಸುಮರೋಗ ಅನ್ನುತ್ತವಲ್ಲ, ಅದೇ) ಇದ್ದವರಿಗೆ ಸಣ್ಣ ಎಳೆತವೇ ಸಾಕು.

ನನಗೆ ವಿಚಿತ್ರ ಅನ್ನಿಸಿದ್ದು ಇನ್ನೊಂದು. ಆಪರೇಷನ್ ಆಗಿದ್ದು ಕಿಬ್ಬೊಟ್ಟೆಗೆ, ಹಾಳಾಗಿದ್ದು ಮೀನಖಂಡ! ಗಂಟೆಗಟ್ಟಲೆ ಕಾಲು ಮೇಲೆತ್ತಿ ಕಟ್ಟಿರುತ್ತಾರೆ. ಅಷ್ಟು ಎತ್ತರಕ್ಕೆ ರಕ್ತ ಸರಿಯಾಗಿ ಹತ್ತುವುದಿಲ್ಲ. ಕಾಲು ಇಳಿಸಿದ ಮೇಲೆ ರಕ್ತ ನುಗ್ಗಿ, ಸ್ನಾಯು ಉಬ್ಬುತ್ತದೆ.

ಕೊಳಕುಮಂಡಲ ಕಚ್ಚಿದಾಗಲೂ ಹೀಗಾಗುವುದುಂಟು, ಅಪರೂಪಕ್ಕೆ. ಊತ ಕಂಡ ಮಾತ್ರಕ್ಕೆ ಕೊಯ್ಯಲಾಗದು. ಮೊದಲು ವಿಷ ಇಳಿಸುವ ಮದ್ದು, ಒಳಒತ್ತಡ ಅಳೆದು ಆಮೇಲೆ ಕತ್ತಿ.

ಹಾಗಾಗಿ ‘ಪೆಟ್ಟು’ ಬೇಡ. ‘ಬಾವು’ ಕೂಡ ಬೇಡ ಅನ್ನುವುದು ನನ್ನ ವಾದ. ಬಾವು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಎಣ್ಣೆ ತಿಕ್ಕುತ್ತಾರೆ, ಬಟ್ಟೆ ಬಿಗಿಯುತ್ತಾರೆ, ಕಾಲನ್ನು ದಿಂಬಿನ ಮೇಲೆ ಎತ್ತಿಡುತ್ತಾರೆ. ಇಲ್ಲಿ ಎದೆಮಟ್ಟಕ್ಕಿಂತ ಮೇಲೆತ್ತಿದರೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಇದರ ಮುಖ್ಯ ಗುರುತು ಊತವಲ್ಲ, ನೋವು. ಕಾಲಿನ ಹೆಬ್ಬೆರಳನ್ನು ಯಾರಾದರೂ ಮೆಲ್ಲಗೆ ಬಗ್ಗಿಸಿದರೂ ರೋಗಿ ಚೀರುತ್ತಾನೆ. ಪಾದದ ನಾಡಿ ಮಾತ್ರ ಸಿಗುತ್ತಲೇ ಇರಬಹುದು. ‘ರಕ್ತ ಓಡ್ತಿದೆ, ಏನಾಗಲ್ಲ ಬಿಡಿ’ ಎಂದು ಸುಮ್ಮನಾದರೆ ಕಾಲೇ ಹೋದೀತು.

ಇನ್ನು ‘ಕಂಪಾರ್ಟ್‌ಮೆಂಟ್’. ‘ಕೋಶ’ ಅಂದರೆ ಜೀವಕೋಶದ ಜೊತೆ ಗೊಂದಲ. ‘ವಿಭಾಗ’ ಕಚೇರಿಯ ಮಾತು. ‘ತೊಳೆ’ ನನಗೆ ಇಷ್ಟ: ಕಿತ್ತಳೆಯ ತೊಳೆಗೆ ಸುತ್ತ ಸಿಪ್ಪೆ ಇದ್ದಂತೆ ಸ್ನಾಯುವಿಗೆ ಪೊರೆ. ಆದರೆ ‘ಸ್ನಾಯುತೊಳೆ’ ಅಂದರೆ ಸ್ನಾಯು ತೊಳೆಯಿರಿ ಎಂದು ಓದುವವರೂ ಇದ್ದಾರು, ಅಲ್ವಾ? ಸದ್ಯಕ್ಕೆ ‘ಸ್ನಾಯುವಿನ ಒಳಬಿಗಿತ’ ಎಂದು ಬರೆದುಕೊಂಡಿದ್ದೇನೆ. ಮಂಡಿ ಬಿಗಿತ, ಸಂಧಿವಾತ ಎಂದು ತಿಳಿಯುತ್ತಾರೇನೋ ಎಂಬ ಅಳುಕಿದೆ.

ಎರಡು ಪ್ರಶ್ನೆ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುವುದಕ್ಕೆ ನಿಮ್ಮ ಕಡೆ, ಮುಖ್ಯವಾಗಿ ಕರಾವಳಿ ಮತ್ತು ಬೆಳಗಾವಿ ಕಡೆ, ಬೇರೆ ಮಾತಿದೆಯೇ? ‘ಒಳಬಿಗಿತ’ ಓದಿದರೆ ನಿಮ್ಮ ಮನೆಯ ಹಿರಿಯರಿಗೆ ಏನು ಹೊಳೆಯುತ್ತದೆ? ಕೇಳಿ ತಿಳಿಸಿ. ಯಾವ ಪದ ಗೆದ್ದರೂ ಪಕ್ಕದಲ್ಲಿ ‘ಕಂಪಾರ್ಟ್‌ಮೆಂಟ್ ಸಿಂಡ್ರೋಮ್’ ಉಳಿಸುತ್ತೇನೆ, ರಾತ್ರಿ ಪಾಳಿಯ ಡಾಕ್ಟರಿಗೆ ತೋರಿಸಲು ಅದು ಬೇಕು.