ಸಹಾಯ ಬೇಕು: ಅಯೋವಾದ ಹಳೆಯ ಚರ್ಚು ಯಾವ ಸಿನಡ್‌ಗೆ (ಚರ್ಚುಗಳ ಒಕ್ಕೂಟಕ್ಕೆ) ಸೇರಿತ್ತು?

ನಮಸ್ಕಾರ. ಅಮೆರಿಕದ ಅಯೋವಾ ರಾಜ್ಯದ ಹಳ್ಳಿಯೊಂದರಲ್ಲಿದ್ದೇನೆ. ಇಲ್ಲಿ ಮುಚ್ಚಿಹೋದ ಜರ್ಮನ್ ಲೂಥರನ್ ಚರ್ಚಿನ ಇತಿಹಾಸವನ್ನು ನೆರೆಮನೆಯ ಅಜ್ಜಿಗಾಗಿ ಬರೆಯುತ್ತಿದ್ದೇನೆ. ಅವರ ತಾಯಿಯ ದೀಕ್ಷಾಸ್ನಾನ ಅಲ್ಲೇ ಆಗಿತ್ತು. ಸಿಕ್ಕಿರುವ ದಾಖಲೆ ಪುಸ್ತಕ 1918ರ ಮೇ ತಿಂಗಳಿಗೆ ನಿಂತುಹೋಗಿದೆ. ಅದೇ ತಿಂಗಳು ಗವರ್ನರ್ ಹಾರ್ಡಿಂಗ್, ಚರ್ಚಿನೊಳಗೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದ್ದರು. ತಾಯ್ನುಡಿಯಲ್ಲಿ ಪ್ರಾರ್ಥಿಸಲೂ ಬಿಡದ ಆ ದಿನಗಳನ್ನು ನೆನೆದರೆ ಕರುಳು ಕಿವುಚುತ್ತದೆ.

ಮುಂದಿನ ಪುಸ್ತಕಕ್ಕಾಗಿ ಕೌಂಟಿ ಕಚೇರಿ, ಗ್ರಂಥಾಲಯ, ಸ್ಮಶಾನದ ಕಲ್ಲುಗಳು ಎಲ್ಲ ನೋಡಿಯಾಯಿತು. ಗೊಂದಲ ಇಷ್ಟೇ: ಈ ಚರ್ಚು 1847ರಲ್ಲಿ ಹುಟ್ಟಿದ ಮಿಸೌರಿ ಸಿನಡ್‌ಗೆ ಸೇರಿತ್ತೋ, 1854ರ ಅಯೋವಾ ಸಿನಡ್‌ಗೋ? ಎರಡನೆಯದು 1930ರಲ್ಲಿ ಬೇರೆ ಸಿನಡ್‌ಗಳೊಡನೆ ವಿಲೀನವಾದದ್ದರಿಂದ ಹುಡುಕುವ ದಾರಿಯೇ ಬೇರೆಯಾಗುತ್ತದೆ. ಪುಸ್ತಕದಲ್ಲಿನ ಯಾವ ಗುರುತಿನಿಂದ ಸಿನಡ್ ಯಾವುದೆಂದು ತಿಳಿಯಬಹುದು? ಬಲ್ಲವರು ದಯವಿಟ್ಟು ತಿಳಿಸುವಿರಾ?